ಒಂದೇ ಚಿತ್ರ, ಮೂರು ಪರದೆ: ‘ಡಾಕ್ಟರ್ ಸ್ಟ್ರೇಂಜ್’ ಎಲ್ಲಿ ನೋಡಬೇಕು?

ವೈದ್ಯನೊಬ್ಬ ಮಾಂತ್ರಿಕನಾಗುವ ಮಾರ್ವೆಲ್‌ನ ಸೂಪರ್‌ಹೀರೋ ಚಿತ್ರ ‘ಡಾಕ್ಟರ್ ಸ್ಟ್ರೇಂಜ್’ ಅನ್ನು ನಾನು ಮೂರು ಬಾರಿ ನೋಡಿದ್ದೇನೆ. 2016ರ ನವೆಂಬರ್‌ನಲ್ಲಿ ಬಿಡುಗಡೆಯಾದಾಗ ದೈತ್ಯ ಪರದೆಯ ಐಮ್ಯಾಕ್ಸ್ ತ್ರೀಡಿಯಲ್ಲಿ, ಮರುವಾರ ಸಾಮಾನ್ಯ ಟುಡಿ ಪರದೆಯ ಮೇಲೆ, ಕೆಲವು ವರ್ಷಗಳ ನಂತರ ಮನೆಯ ಟಿವಿಯಲ್ಲಿ. ಕಣ್ಣು ತುಂಬುವ ಚಿತ್ರ, ಆದರೆ ಕತೆ ಅಲ್ಲಲ್ಲಿ ಕುಂಟುತ್ತದೆ ಎಂಬ ಮಾತನ್ನು ಎಲ್ಲರಂತೆ ನಾನೂ ಕೇಳಿದ್ದೆ. ಆ ಕುಂಟು ಎಷ್ಟು ಎದ್ದು ಕಾಣುತ್ತದೆ ಎನ್ನುವುದು ನಾವು ಎಲ್ಲಿ ಕುಳಿತು ನೋಡುತ್ತೇವೆ ಎಂಬುದರ ಮೇಲಿದೆ ಎಂದು ಗೊತ್ತಾಗಲು ಮೂರು ಸಲ ನೋಡಬೇಕಾಯಿತು.

ಐಮ್ಯಾಕ್ಸ್‌ನಲ್ಲಿ ದೋಷ ಹುಡುಕಲು ಪುರುಸೊತ್ತೇ ಸಿಗಲಿಲ್ಲ. ನ್ಯೂಯಾರ್ಕ್ ನಗರ ಮಡಚಿಕೊಳ್ಳುವ ದೃಶ್ಯದಲ್ಲಿ ರಸ್ತೆ ಗೋಡೆಯಾಗುತ್ತದೆ, ಗೋಡೆ ಆಕಾಶವಾಗುತ್ತದೆ, ಕಟ್ಟಡಗಳು ಗಡಿಯಾರದ ಹಲ್ಲುಚಕ್ರಗಳಂತೆ ಒಂದರೊಳಗೊಂದು ಹೊರಳುತ್ತವೆ. ಸಾಮಾನ್ಯ ಪರದೆಯ ಚೌಕಟ್ಟಿನ ಅಗಲ ಮತ್ತು ಎತ್ತರದ ಅನುಪಾತ 2.39:1. ಐಮ್ಯಾಕ್ಸ್‌ನಲ್ಲಿ ಮುಖ್ಯ ದೃಶ್ಯಗಳು 1.90:1ಕ್ಕೆ ತೆರೆದುಕೊಳ್ಳುತ್ತವೆ, ಅಂದರೆ ಮೇಲೆ ಕೆಳಗೆ ಸೇರಿ ಸುಮಾರು 26 ಶೇಕಡಾ ಹೆಚ್ಚು ಚಿತ್ರ. ನೆಲ ಯಾವುದು, ಛಾವಣಿ ಯಾವುದು ಎಂಬ ಗೊಂದಲವೇ ಈ ದೃಶ್ಯದ ಜೀವಾಳ. ಆ ಹೆಚ್ಚುವರಿ ಎತ್ತರ ಇಲ್ಲದಿದ್ದರೆ ಗೊಂದಲ ಅರ್ಧಕ್ಕಿಳಿಯುತ್ತದೆ. ಹಾಂಗ್‌ಕಾಂಗ್‌ನ ಹೋರಾಟವೂ ಹಾಗೆಯೇ. ಕಾಲ ಹಿಂದಕ್ಕೆ ಚಲಿಸುತ್ತಾ ಕುಸಿದ ಕಟ್ಟಡಗಳು ತಾವಾಗಿ ಎದ್ದು ನಿಲ್ಲುವಾಗ ನಾಯಕರು ಮಾತ್ರ ಮುಂದಕ್ಕೆ ಓಡುತ್ತಿರುತ್ತಾರೆ. ಸೂಪರ್‌ಹೀರೋ ಚಿತ್ರವೆಂದರೆ ಕೊನೆಯಲ್ಲಿ ನಗರ ಪುಡಿಯಾಗಲೇಬೇಕು ಎಂಬ ರೂಢಿಯನ್ನು ತಲೆಕೆಳಗು ಮಾಡಿದ ಈ ಕಲ್ಪನೆಗೆ ನಾನು ಇಂದಿಗೂ ಮನಸೋತಿದ್ದೇನೆ.

ಆದರೆ ತ್ರೀಡಿ ಕನ್ನಡಕದ ಬಗ್ಗೆ ನನಗೆ ತಕರಾರಿದೆ. ಈ ಚಿತ್ರವನ್ನು ತ್ರೀಡಿ ಕ್ಯಾಮೆರಾದಲ್ಲಿ ತೆಗೆದಿಲ್ಲ, ಚಿತ್ರೀಕರಣ ಮುಗಿದ ನಂತರ ಪರಿವರ್ತಿಸಿದ್ದು. ಗುರು ಏನ್ಷಂಟ್ ಒನ್ ಒಂದೇ ಪೆಟ್ಟಿಗೆ ಸ್ಟ್ರೇಂಜ್‌ನನ್ನು ಲೋಕಲೋಕಾಂತರಗಳಿಗೆ ತಳ್ಳುವ ಆರಂಭದ ದೃಶ್ಯದಲ್ಲಿ ಆಳದ ಅನುಭವ ನಿಜಕ್ಕೂ ಸಿಕ್ಕಿತು. ಉಳಿದೆಡೆ ಕನ್ನಡಕ ಬೆಳಕನ್ನು ನುಂಗಿತು.

ಎಷ್ಟು ನುಂಗಿತ್ತು ಎಂದು ತಿಳಿದದ್ದು ಟುಡಿಯಲ್ಲಿ ನೋಡಿದಾಗ. ಕಡುಗಪ್ಪಿನ ಮೇಲೆ ನೇರಳೆ, ಹಸಿರು, ಕೆಂಪು ಉರಿಯುವ ಡಾರ್ಕ್ ಡೈಮೆನ್ಷನ್‌ನ, ಅಂದರೆ ಚಿತ್ರದ ಕಾಲಾತೀತ ಕತ್ತಲ ಲೋಕದ ಬಣ್ಣಗಳು, 1963ರಲ್ಲಿ ಈ ಪಾತ್ರ ಕಾಮಿಕ್ಸ್‌ಗೆ ಕಾಲಿಟ್ಟಾಗ ಚಿತ್ರಕಾರ ಸ್ಟೀವ್ ಡಿಟ್ಕೊ ಬರೆದ ಚಿತ್ರಗಳ ನೇರ ವಾರಸುದಾರರು. ಅವು ಪೂರ್ತಿ ಹೊಳಪಿನಲ್ಲಿ ಕಂಡದ್ದು ಇಲ್ಲಿಯೇ. ಬೇರೆ ಲಾಭವೇನೂ ಆಗಲಿಲ್ಲ. ನ್ಯೂಯಾರ್ಕ್ ಕುಗ್ಗಿತು, ಕತೆಯ ಬಿರುಕುಗಳು ಇಣುಕತೊಡಗಿದವು.

ಟಿವಿಯಲ್ಲಿ ಅವು ಬಾಯಿ ತೆರೆದವು. ಕೈಸೀಲಿಯಸ್ ಎಂಬ ಖಳನಾಯಕನಿಗೆ ಮ್ಯಾಡ್ಸ್ ಮಿಕೆಲ್ಸನ್‌ರಂತಹ ನಟ ಸಿಕ್ಕಿದ್ದಾರೆ, ಆದರೆ ಅವನ ದುಃಖಕ್ಕೆ ಚಿತ್ರ ಕೊಡುವುದು ಒಂದೆರಡು ಮಾತು ಮಾತ್ರ. ಸಾವೇ ಇಲ್ಲದ ಲೋಕವನ್ನು ಅವನು ಏಕೆ ಅಷ್ಟು ತೀವ್ರವಾಗಿ ಬಯಸುತ್ತಾನೆ ಎಂದು ಮನಸ್ಸಿಗೆ ಇಳಿಯುವುದೇ ಇಲ್ಲ. ರೇಚಲ್ ಮ್ಯಾಕ್‌ಆಡಮ್ಸ್ ಅವರ ಪಾತ್ರ, ವೈದ್ಯೆ ಕ್ರಿಸ್ಟೀನ್, ನಾಯಕನ ಗಾಯಕ್ಕೆ ಹೊಲಿಗೆ ಹಾಕಲು ಮಾತ್ರ ನೆನಪಾಗುತ್ತಾಳೆ. ಸ್ಟ್ರೇಂಜ್ ಮಾಂತ್ರಿಕನಾಗಿ ಪಳಗಲು ಎಷ್ಟು ಕಾಲ ಹಿಡಿಯಿತು? ವಾರಗಳೋ, ವರ್ಷವೋ? ದೇಹ ಮಲಗಿರುವಾಗ ಆತ್ಮ ಎದ್ದು ಪುಸ್ತಕ ಓದುವ ಉಪಾಯ ಚಂದವಿದೆ, ಆದರೆ ಬೆವರು ಸುರಿಸಿ ಕಲಿತ ಭಾವನೆ ಅದರಿಂದ ಬರುವುದಿಲ್ಲ.

ಹಾಗೆಂದು ಟಿವಿ ಬರೀ ತಪ್ಪುಗಳನ್ನೇ ತೋರಿಸಿತು ಎಂದರೆ ಅನ್ಯಾಯವಾದೀತು. ಸಬ್‌ಟೈಟಲ್ ಇದ್ದುದರಿಂದ, ಐಮ್ಯಾಕ್ಸ್‌ನ ಸದ್ದಿನಲ್ಲಿ ನಾನು ಕಳೆದುಕೊಂಡಿದ್ದ ಒಂದು ಮಾತು ಸಿಕ್ಕಿತು. ಹೊರಜಗತ್ತಿಗೆ ಪೆಟ್ಟಾಗದಂತೆ ಕಾದಾಡಬಹುದಾದ ಕನ್ನಡಿ ಲೋಕಕ್ಕೆ ಶತ್ರುಗಳನ್ನು ಎಳೆದು ತಂದು ಗೆದ್ದೆನೆಂದು ಸ್ಟ್ರೇಂಜ್ ಬೀಗುವಾಗ, ಅಲ್ಲಿ ಅವರ ಬಲ ಇನ್ನೂ ಹೆಚ್ಚು ಎಂದು ಜೊತೆಗಾರ ಮಾಂತ್ರಿಕ ಮಾರ್ಡೊ ಎಚ್ಚರಿಸುತ್ತಾನೆ. ನಗರವನ್ನು ಮಡಚುವವರು ಆ ಶತ್ರುಗಳೇ. ಅಂದರೆ ನಗರ ಮಡಚಿಕೊಳ್ಳುವುದು ಬರೀ ಚಮತ್ಕಾರವಲ್ಲ, ನಾಯಕನ ಅಹಂಕಾರಕ್ಕೆ ಬಿದ್ದ ಪೆಟ್ಟು. ಮೊದಲ ಸಲ ಬೆರಗಾಗಿ ನೋಡಿದ ದೃಶ್ಯಕ್ಕೆ ಕಾರಣ ತಿಳಿದದ್ದು ಮೂರನೆಯ ಸಲ!

ಇನ್ನೊಂದು, ಏನ್ಷಂಟ್ ಒನ್ ಸಾಯುವ ಘಳಿಗೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಆಕೆಯ ಮತ್ತು ಸ್ಟ್ರೇಂಜ್‌ನ ಆತ್ಮಗಳು ನಿಂತಿವೆ, ಹೊರಗೆ ಮಿಂಚು ನಿಧಾನವಾಗಿ ಹರಡುತ್ತಿದೆ, ಹಿಮ ಬೀಳುತ್ತಿದೆ. ಸಾವನ್ನು ಕ್ಷಣಕಾಲ ಹಿಡಿದು ನಿಲ್ಲಿಸಿ ಆಕೆ ಹಿಮವನ್ನು ನೋಡುತ್ತಾಳೆ. ಇದೂ ಗ್ರಾಫಿಕ್ಸ್ ಬಲದ ದೃಶ್ಯವೇ, ಆದರೆ ಇಲ್ಲಿ ಗ್ರಾಫಿಕ್ಸ್ ಮತ್ತು ಕತೆ ಒಂದೇ ಉಸಿರಿನಲ್ಲಿವೆ. ಪರದೆ ಚಿಕ್ಕದಾದರೂ ಇದು ಕಿಂಚಿತ್ತೂ ಸೊರಗಲಿಲ್ಲ. ಕತ್ತಲ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದ ನನಗೆ ಗಂಟಲು ಕಟ್ಟಿತು.

ಇನ್ನೂ ನೋಡದವರು ಮರುಪ್ರದರ್ಶನ ಸಿಕ್ಕರೆ ಐಮ್ಯಾಕ್ಸ್‌ನಲ್ಲಿಯೇ ಮೊದಲು ನೋಡಲಿ, ಆಯ್ಕೆ ಇದ್ದರೆ ಕನ್ನಡಕವಿಲ್ಲದ ಪ್ರದರ್ಶನಕ್ಕೆ ಹೋಗಲಿ. ಸಿಗದಿದ್ದರೆ ಸಾಮಾನ್ಯ ಟುಡಿಯನ್ನು ಹುಡುಕಿಕೊಂಡು ಹೋಗುವ ಬದಲು ಮನೆಯೇ ಮೇಲು: ಡಿಸ್ನಿ ಪ್ಲಸ್‌ನಲ್ಲಿ 2021ರಿಂದ ಐಮ್ಯಾಕ್ಸ್ ಚೌಕಟ್ಟಿನ ಆವೃತ್ತಿಯೂ ಬಂದಿದೆ. ದೀಪ ಆರಿಸಿ, ಸಬ್‌ಟೈಟಲ್ ಹಾಕಿಕೊಳ್ಳಿ.