ಅಡೋಬ್ ಸ್ಟಾಕ್‌ಗೆ ಫೋಟೋ ಕಳಿಸುವವರಿಗೆ, ಕಾರವಾರದಿಂದ

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಾರವಾರದಲ್ಲಿ ಮದುವೆ ಫೋಟೋ ತೆಗೆಯುವುದು ನನ್ನ ಕೆಲಸ. ಮಳೆಗಾಲದಲ್ಲಿ ಆರ್ಡರ್ ಕಮ್ಮಿ, ಆಗ ಅಡೋಬ್ ಸ್ಟಾಕ್‌ಗೆ, ಅಂದರೆ ನಮ್ಮ ಫೋಟೋಗಳನ್ನು ಆನ್‌ಲೈನ್‌ನಲ್ಲಿ ಮಾರುವ ತಾಣಕ್ಕೆ, ಫೋಟೋ ಹಾಕುತ್ತೇನೆ. ಖಾತೆಗೆ ದುಡ್ಡು ಕಟ್ಟಬೇಕಾಗಿಲ್ಲ. ಫೋಟೋ ಮಾರಾಟವಾದರೆ ಶೇಕಡಾ 33 ನಮ್ಮ ಪಾಲು.

'ಅಣ್ಣಾ, ಇಷ್ಟು ಚೆನ್ನಾಗಿದೆ, ಯಾಕೆ ರಿಜೆಕ್ಟ್ ಮಾಡಿದ್ರು?' ಅಂತ ಹುಡುಗರು ಮೊಬೈಲ್ ಹಿಡಿದು ಸ್ಟುಡಿಯೋಗೆ ಬರುತ್ತಾರೆ. ಬಹುಪಾಲು ಟ್ಯಾಗೋರ್ ಬೀಚಿನ ಸೂರ್ಯಾಸ್ತ. ಮೊಬೈಲಿನಲ್ಲಿ ನೋಡಿದರೆ ಚೆಂದವೇ. ಅದನ್ನೇ ಕಂಪ್ಯೂಟರಿನಲ್ಲಿ 100 ಪರ್ಸೆಂಟ್ ಜೂಮ್ ಮಾಡಿ ತೋರಿಸುತ್ತೇನೆ. ಕತ್ತಲಲ್ಲಿದ್ದ ಗಾಳಿಮರಗಳನ್ನು ಎಡಿಟಿಂಗ್‌ನಲ್ಲಿ ಎಳೆದು ಬೆಳಕು ಮಾಡಿರುತ್ತಾರೆ. ಎಲೆ ಇರಬೇಕಾದ ಕಡೆ ಕೆಂಪು, ಹಸಿರು ಚುಕ್ಕೆಗಳು ಕುದಿಯುತ್ತಿರುತ್ತವೆ. ಎಫ್ 16ರಲ್ಲಿ, ಅಂದರೆ ಲೆನ್ಸಿನ ಕಿಂಡಿ ತುಂಬಾ ಚಿಕ್ಕದು ಮಾಡಿ ತೆಗೆದಿದ್ದರೆ, ಕ್ಯಾಮೆರಾ ಒಳಗಿನ ಸೆನ್ಸರ್ ಮೇಲಿನ ಧೂಳು ಆಕಾಶದಲ್ಲಿ ಬೂದು ಕಲೆಯಾಗಿ ಕಾಣುತ್ತದೆ. ಸಮುದ್ರದ ಗೆರೆ ಒಂದು ಕಡೆಗೆ ವಾಲಿರುತ್ತದೆ. ಈ ಫೋಟೋವನ್ನು ದುಡ್ಡು ಕೊಟ್ಟು ಕೊಂಡವನು ದೊಡ್ಡ ಪೋಸ್ಟರ್ ಮಾಡಿಸಬಹುದು, ಅಲ್ವಾ? ಅಲ್ಲಿ ಇದೆಲ್ಲ ಎದ್ದು ಕಾಣುತ್ತದೆ. ಹಾಗಾಗಿ ತಿರಸ್ಕರಿಸುವುದು ನ್ಯಾಯವೇ ಅನ್ನುತ್ತೇನೆ.

ಕನಿಷ್ಠ 4 ಮೆಗಾಪಿಕ್ಸೆಲ್ ಇರಬೇಕು. ವಾಟ್ಸಾಪ್‌ನಲ್ಲಿ ಬಂದ ಫೋಟೋದಲ್ಲಿ ಸಾಮಾನ್ಯವಾಗಿ ಅಷ್ಟು ಇರುವುದಿಲ್ಲ.

ಇನ್ನೊಂದು, ಒಪ್ಪಿಗೆ ಪತ್ರ. ಮೀನು ಮಾರ್ಕೆಟ್‌ನಲ್ಲಿ ಕೂತ ಅಕ್ಕನ ಮುಖ ಗುರುತು ಸಿಗುವ ಹಾಗಿದ್ದರೆ ಅವರ ಸಹಿ ಬೇಕೇ ಬೇಕು. ಇದು ಬರೀ ಕಾಗದದ ವಿಷಯ ಅಲ್ಲ. ಅವರ ಮುಖ ಯಾವ ದೇಶದ ಯಾವ ಜಾಹೀರಾತಿನಲ್ಲಿ ಬರುತ್ತದೋ ಯಾರಿಗೆ ಗೊತ್ತು? ಮೊದಲೇ ಕೇಳಿ, ಬೇಡ ಅಂದರೆ ಕ್ಯಾಮೆರಾ ಕೆಳಗಿಡಿ. ಹಿಂದೆ ತಂಪು ಪಾನೀಯದ ಬೋರ್ಡ್, ಕಂಪನಿ ಲೋಗೋ ಇದ್ದರೂ ಫೋಟೋ ರಿಜೆಕ್ಟ್ ಆಗುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಸೂರ್ಯಾಸ್ತ ಬೇಡ ಅನ್ನುತ್ತೇನೆ. ಅದು ಅಲ್ಲಿ ರಾಶಿ ಬಿದ್ದಿದೆ. ಒಂದೇ ಜಾಗದಲ್ಲಿ ನಿಂತು ತೆಗೆದ ಹತ್ತು ಫೋಟೋ ಒಟ್ಟಿಗೆ ಹಾಕಿದರೆ, ಒಂದೇ ತರ ಇವೆ ಅಂತ ವಾಪಸ್ ಬರುತ್ತವೆ. ಬೇಸಿಗೆಯಲ್ಲಿ ಕುಮಟಾ ಹತ್ತಿರ ಹೆದ್ದಾರಿ ಪಕ್ಕ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ನೋಡಿದ್ದೀರಲ್ಲ? ಅದನ್ನು ತೆಗೆಯಿರಿ. ಶಿರಸಿ ಕಡೆ ಹೋದರೆ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಕೈಗಳನ್ನಷ್ಟೇ ಹತ್ತಿರದಿಂದ ತೆಗೆಯಿರಿ. ಬೆಳಿಗ್ಗೆಯ ಬೆಳಕು, ಚುಕ್ಕೆ ಬರದ ಹಾಗೆ ಕಡಿಮೆ ಐಎಸ್ಒ (ಕ್ಯಾಮೆರಾ ಬೆಳಕು ಹಿಡಿಯುವ ಸೆಟ್ಟಿಂಗ್), ಬೆರಳಿನ ಮೇಲೆ ಫೋಕಸ್. ಇಂಥದ್ದನ್ನು ಹುಡುಕುವವನಿಗೆ ನಮ್ಮೂರಿನ ಫೋಟೋ ಬೇಕೇ ಬೇಕು.

ಫೋಟೋ ಹುಡುಕಿದಾಗ ಸಿಗಲಿ ಅಂತ ಅದಕ್ಕೆ 49 ಕೀವರ್ಡ್‌ವರೆಗೆ ಹಾಕಬಹುದು. ಮೊದಲ ಹತ್ತಕ್ಕೇ ಹೆಚ್ಚು ತೂಕ, ಅದಕ್ಕೆ ಯೋಚಿಸಿ ಬರೆಯಿರಿ. ಸುಮ್ನೆ ತುಂಬಬೇಡಿ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ದುಡ್ಡಿನ ವಿಷಯಕ್ಕೆ. ಖಾತೆಯಲ್ಲಿ 25 ಡಾಲರ್ ಆಗುವವರೆಗೆ ಕೈಗೆ ಏನೂ ಬರುವುದಿಲ್ಲ. ಹೊಸಬರಿಗೆ ಅದು ತುಂಬಾ ದೂರದ ಮೊತ್ತ. ಕ್ಯಾಮೆರಾ ಸಾಲದ ಕಂತು ಇದರಿಂದ ಕಟ್ಟುತ್ತೇನೆ ಅಂತ ಲೆಕ್ಕ ಹಾಕಿದವರು ಮದುವೆ ಆರ್ಡರ್ ಬಿಡಬೇಡಿ.