ಸೊಂಟದ ಪಿಸ್ತೂಲಿಗೆ ಎಣ್ಣೆಯೋ, ಗ್ರೀಸೋ, ಒಣ ಲೇಪನವೋ?

ಗುಂಡು ಹಾರಿಸಿ ಹಾರಿಸಿಯೇ ಪಿಸ್ತೂಲು ಕೆಡುತ್ತದೆ ಅಂತ ಬಹಳ ಜನ ನಂಬಿದ್ದಾರೆ. 1911ರಲ್ಲಿ ಅಮೆರಿಕದ ಸೇನೆ ಪಿಸ್ತೂಲು ಆರಿಸುವಾಗ ಕೋಲ್ಟ್ ಪಿಸ್ತೂಲಿನಿಂದ 6,000 ಗುಂಡು ಹಾರಿಸಿ ನೋಡಿತು. ಅದು ಒಮ್ಮೆಯೂ ತಡವರಿಸಲಿಲ್ಲ. ಆದರೆ ಆ ಪರೀಕ್ಷೆಯಲ್ಲಿ ಸಾವಿರ ಗುಂಡಿಗೊಮ್ಮೆ ಪಿಸ್ತೂಲನ್ನು ಒರೆಸಿ ಎಣ್ಣೆ ಹಾಕುತ್ತಿದ್ದರು ಅನ್ನುವುದನ್ನು ಹೆಚ್ಚಿನವರು ಹೇಳುವುದಿಲ್ಲ. ದಿನವೂ ಮೈಮೇಲೆ ಇಟ್ಟುಕೊಳ್ಳುವ ಪಿಸ್ತೂಲಿನ ಪಾಡು ಇದಕ್ಕೆ ಉಲ್ಟಾ. ಅದು ಗುಂಡು ಹಾರಿಸುವುದು ಅಪರೂಪ. ಉಳಿದ ಹೊತ್ತೆಲ್ಲ ಬೆವರು, ಬಟ್ಟೆಯ ಜುಂಗು, ಮೈಶಾಖದ ನಡುವೆ ನಳಿಗೆ ಕೆಳಗೆ ಮಾಡಿಕೊಂಡು ನಿಂತಿರುತ್ತದೆ. ಹಾಗಾಗಿ ರೇಂಜಿನಲ್ಲಿ (ಗುಂಡು ಹಾರಿಸುವ ಅಭ್ಯಾಸದ ಜಾಗದಲ್ಲಿ) ಗೆಲ್ಲುವ ಎಣ್ಣೆ ಸೊಂಟದಲ್ಲೂ ಗೆಲ್ಲಬೇಕು ಅಂತೇನಿಲ್ಲ. ನಾನು ಹೋಲಿಸಿ ನೋಡಿದ್ದು ಇದನ್ನೇ.

ನನ್ನ ಹತ್ತಿರ ಇರುವುದು ಎರಡು, ಎರಡೂ 9 ಎಂಎಂ ಅಳತೆಯ ಗುಂಡಿನವು. ಒಂದು ಪ್ಲಾಸ್ಟಿಕ್ ಫ್ರೇಮಿನ ಸ್ಟ್ರೈಕರ್ (ಒಳಗಿನ ಸ್ಪ್ರಿಂಗ್ ಕಡ್ಡಿಯೇ ತೋಟಾಕ್ಕೆ ಹೊಡೆಯುವ) ಪಿಸ್ತೂಲು, ಇನ್ನೊಂದು ಪೂರ್ತಿ ಉಕ್ಕಿನ, ಹ್ಯಾಮರ್ (ಹೊಡೆಯುವ ಪುಟ್ಟ ಸುತ್ತಿಗೆ) ಇರುವ, ನೀಲಿ ಬಣ್ಣದ ಹಳೆಯ ಮಾದರಿ. ಬಿಚ್ಚುವ ಮೊದಲಿನ ಕ್ರಮ ಎರಡಕ್ಕೂ ಒಂದೇ. ಮೊದಲು ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ಹೊರಗೆ, ಆಮೇಲೆ ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲ್ಭಾಗ) ಹಿಂದಕ್ಕೆ, ಚೇಂಬರನ್ನು (ನಳಿಗೆಯ ಹಿಂದೆ ತೋಟಾ ಕೂರುವ ಗೂಡು) ಕಣ್ಣಿಂದಲೂ ಕಿರುಬೆರಳಿಂದಲೂ ನೋಡುವುದು, ತೋಟಾಗಳನ್ನು ಬೇರೆ ಕೋಣೆಯಲ್ಲಿಡುವುದು. ಈ ಕ್ರಮ ತಪ್ಪಿಸಿ ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದರೆ ಚೇಂಬರಿನಲ್ಲಿ ಇನ್ನೊಂದು ತೋಟಾ ಕೂತಿರುತ್ತದೆ. ಕೆಲವು ಸ್ಟ್ರೈಕರ್ ಪಿಸ್ತೂಲುಗಳನ್ನು ಬಿಚ್ಚಲು ಟ್ರಿಗರ್ ಒತ್ತಲೇಬೇಕಾದ್ದರಿಂದ ಇದು ಬರೀ ಶಾಸ್ತ್ರಕ್ಕೆ ಹೇಳುವ ಮಾತಲ್ಲ.

ನಾಲ್ಕು ಬಗೆಯನ್ನು ಹಚ್ಚಿ ನೋಡಿದೆ: ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳು ಖನಿಜ ಎಣ್ಣೆ, ತೊಳೆಯುವ, ಜಾರಿಸುವ, ಕಾಪಾಡುವ ಮೂರೂ ಕೆಲಸ ಒಂದರಲ್ಲೇ ಇರುವ ಸಿಎಲ್‌ಪಿ, ಲಿಥಿಯಂ ಗ್ರೀಸ್, ಮತ್ತು ಹಚ್ಚಿದ ಮೇಲೆ ಆರಿ ಬಿಳಿ ಪದರವಾಗಿ ನಿಲ್ಲುವ ಟೆಫ್ಲಾನ್ ಒಣ ಲೇಪನ. ಪ್ರತಿ ಸಲವೂ ಹಳೆಯ ಜಿಡ್ಡನ್ನು ಸಾಲ್ವೆಂಟ್‌ನಿಂದ ಪೂರ್ತಿ ತೆಗೆದು, ಒಣಗಿಸಿ, ಸ್ಲೈಡ್ ಓಡಾಡುವ ಹಳಿಗಳಿಗೂ ನಳಿಗೆಯ ಮೇಲಿನ ಉಜ್ಜುವ ಜಾಗಕ್ಕೂ ಅಷ್ಟಷ್ಟೇ ಹಚ್ಚುತ್ತಿದ್ದೆ. ಆಮೇಲೆ ಎಂದಿನಂತೆ ಮೈಮೇಲೆ ಹಾಕಿಕೊಂಡು ಓಡಾಡಿ, ಬಿಚ್ಚಿ, ಏನು ಎಲ್ಲಿಗೆ ಹೋಗಿದೆ ಅಂತ ನೋಡುವುದು.

ತೆಳು ಎಣ್ಣೆ ಮೊದಲ ದಿನ ಅದ್ಭುತ. ಸ್ಲೈಡ್ ಬೆಣ್ಣೆಯಲ್ಲಿ ಜಾರಿದ ಹಾಗೆ ಹೋಗುತ್ತದೆ. ಆದರೆ ಅದು ಹಚ್ಚಿದ ಜಾಗದಲ್ಲಿ ನಿಲ್ಲುವುದೇ ಇಲ್ಲ. ಬಿಚ್ಚಿದ ಸ್ಲೈಡನ್ನು ರಾತ್ರಿ ಬಿಳಿ ಟಿಶ್ಯೂ ಕಾಗದದ ಮೇಲೆ ಮೂತಿ ಕೆಳಗಾಗಿ ನಿಲ್ಲಿಸಿಟ್ಟಿದ್ದೆ. ಬೆಳಿಗ್ಗೆ ಕಾಗದದ ಮೇಲೆ ಸ್ಲೈಡಿನ ಮೂತಿಯ ಆಕಾರದಲ್ಲೇ ಹಳದಿ ಉಂಗುರ ಮೂಡಿತ್ತು, ಅದರ ಅಂಚು ಹೊರಗೆ ಹರಡುತ್ತಿತ್ತು. ಹಳಿಗಳನ್ನು ಬೆರಳಿಂದ ಸವರಿದರೆ ಒಣ ಒಣ. ಹೋಲ್‌ಸ್ಟರಿನಲ್ಲೂ (ಸೊಂಟಕ್ಕೆ ಕಟ್ಟುವ ಪಿಸ್ತೂಲು ಚೀಲದಲ್ಲೂ) ನಡೆಯುವುದು ಇದೇ. ಎಣ್ಣೆ ಇಳಿದು ಅಂಗಿಗೆ ಹೋಗುತ್ತದೆ, ಬೇಕಾದ ಕಡೆ ಲೋಹಕ್ಕೆ ಲೋಹ ಉಜ್ಜುತ್ತದೆ. ವಾರಕ್ಕೊಮ್ಮೆ ತಪ್ಪದೆ ಹಾಕುವವರಿಗೆ ತೊಂದರೆ ಇಲ್ಲ. ಅಂಥವರು ಎಷ್ಟು ಜನ ಇದ್ದಾರೆ ಅನ್ನುವುದು ಬೇರೆ ಮಾತು.

ಗ್ರೀಸ್ ಇದಕ್ಕೆ ವಿರುದ್ಧ, ಹಚ್ಚಿದಲ್ಲೇ ಕೂರುತ್ತದೆ. ಉಕ್ಕಿನ ಪಿಸ್ತೂಲಿನ ಉದ್ದ ಹಳಿಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ತೊಂದರೆ ಶುರುವಾಗುವುದು ಜುಂಗಿನಿಂದ. ಒಳ ಅಂಗಿಯ ಹತ್ತಿ ನಾರು ಗ್ರೀಸಿಗೆ ಅಂಟಿಕೊಂಡು, ಅದಕ್ಕೆ ಧೂಳು ಸೇರಿ, ಹಳಿಯ ಹಿಂದಿನ ತುದಿಯಲ್ಲಿ ಬೂದು ಬಣ್ಣದ ಪುಟ್ಟ ಬತ್ತಿಯಂತಾಗುತ್ತದೆ. ಅದನ್ನು ಕಡ್ಡಿಯಿಂದ ಎತ್ತಿದರೆ ಒಂದೇ ಎಳೆಯಾಗಿ ಬರುತ್ತದೆ. ಚಳಿಯಲ್ಲಿ ಗ್ರೀಸ್ ಗಟ್ಟಿಯಾಗುವುದೂ ಇದೆ. ಸಣ್ಣ ಪಿಸ್ತೂಲಿನ ಹಗುರ ಸ್ಲೈಡಿಗೆ ಅಷ್ಟು ತಡೆ ಸಾಕು, ಪೂರ್ತಿ ಮುಚ್ಚಿಕೊಳ್ಳದೆ ಒಂದು ಕೂದಲೆಳೆ ಹಿಂದೆ ನಿಂತುಬಿಡುತ್ತದೆ. ಹಾಗೆ ನಿಂತರೆ ಪಿಸ್ತೂಲು ಹಾರದೇ ಇರಬಹುದು. ಪ್ಲಾಸ್ಟಿಕ್ ಫ್ರೇಮಿನ ಪಿಸ್ತೂಲಿನಲ್ಲಿ ಹಳಿ ಅಂದರೆ ನಾಲ್ಕು ಚಿಕ್ಕ ಉಕ್ಕಿನ ತುಂಡು ಮಾತ್ರ, ಅಲ್ಲಿ ಗ್ರೀಸಿಗೆ ಕೆಲಸವೇ ಇಲ್ಲ.

ಒಣ ಲೇಪನದ ಮೇಲೆ ನನಗೆ ಬಹಳ ಆಸೆ ಇತ್ತು. ಜುಂಗು ಹಿಡಿಯದ ಮಟ್ಟಿಗೆ ಅದು ಮಾತು ಉಳಿಸಿಕೊಂಡಿತು, ಬಿಚ್ಚಿದಾಗ ಒಳಗೆ ಹೊಸದರ ಹಾಗೆ ಇತ್ತು. ಬೆವರಿನ ಮುಂದೆ ಮಾತ್ರ ಅದು ಏನೂ ಅಲ್ಲ. ಬೆವರಿನಲ್ಲಿ ಉಪ್ಪಿದೆ. ಎಣ್ಣೆ ಆ ಉಪ್ಪುನೀರನ್ನು ಲೋಹದಿಂದ ದೂರ ಇಡುತ್ತದೆ, ಒಣ ಪುಡಿ ಇಡುವುದಿಲ್ಲ. ಪ್ಲಾಸ್ಟಿಕ್ ಫ್ರೇಮಿನದರ ನೈಟ್ರೈಡ್ ಮಾಡಿದ (ಮೇಲ್ಮೈ ಗಟ್ಟಿ ಮಾಡಿದ) ಸ್ಲೈಡು ತಡೆದುಕೊಂಡಿತು. ನೀಲಿ ಬಣ್ಣದ ಉಕ್ಕಿನದರಲ್ಲಿ ಹಿಂದಿನ ಸೈಟಿನ ಬುಡದಲ್ಲೂ, ಮೈಗೆ ತಾಗುವ ಮಗ್ಗುಲಲ್ಲೂ ಕಂದು ಚುಕ್ಕೆ ಎದ್ದವು. ಒಣದ್ದು ಅಂತ ಗ್ರಾಫೈಟ್ ಪುಡಿ ಬಳಸುವವರೂ ಇದ್ದಾರೆ. ಅಲ್ಯೂಮಿನಿಯಂ ಫ್ರೇಮ್ ಇರುವವರು ಅದರ ಹತ್ತಿರ ಹೋಗದಿರುವುದು ಒಳ್ಳೆಯದು. ಗ್ರಾಫೈಟ್, ಅಲ್ಯೂಮಿನಿಯಂ, ತೇವ ಮೂರೂ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ.

ಸಿಎಲ್‌ಪಿ ಯಾವುದರಲ್ಲೂ ಮೊದಲ ಸ್ಥಾನ ಪಡೆಯಲಿಲ್ಲ. ಮಸಿ ತೊಳೆಯಲು ಬೇರೆ ಸಾಲ್ವೆಂಟ್‌ಗಳು ಇದಕ್ಕಿಂತ ಚುರುಕು, ಜಾರಿಸಲು ಗ್ರೀಸ್ ಮೇಲು. ಆದರೆ ತೆಳು ಎಣ್ಣೆಗಿಂತ ನಿಧಾನ ಇಳಿಯುತ್ತದೆ, ಗ್ರೀಸಿನಷ್ಟು ಜುಂಗು ಹಿಡಿಯುವುದಿಲ್ಲ, ತುಕ್ಕನ್ನು ಒಣ ಲೇಪನಕ್ಕಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಪ್ಲಾಸ್ಟಿಕ್ ಫ್ರೇಮಿನ ಪಿಸ್ತೂಲಿಗೆ ನಾನು ಉಳಿಸಿಕೊಂಡಿರುವುದು ಇದನ್ನೇ: ಹಳಿಗೆ ಒಂದೊಂದು ತೊಟ್ಟು, ಹೊರಮೈಗೆ ಬಟ್ಟೆಯಲ್ಲಿ ಒರೆಸಿದಷ್ಟು. ಉಕ್ಕಿನದಕ್ಕೆ ಹೊರಗೆ ಸಿಎಲ್‌ಪಿ, ಹಳಿಗೆ ಗ್ರೀಸಿನ ತೆಳು ಸವರು. ಬ್ರ್ಯಾಂಡ್ ಯಾವುದು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಯಾವ ಬಾಟಲಿ ಅನ್ನುವುದಕ್ಕಿಂತ ಎಷ್ಟು ಹಾಕಿದಿರಿ, ಎಲ್ಲಿ ಹಾಕಲಿಲ್ಲ ಅನ್ನುವುದೇ ದೊಡ್ಡದು.

ಎಣ್ಣೆ ಹಾಕಲೇಬಾರದ ಜಾಗಗಳು ಮೂರು. ಸ್ಟ್ರೈಕರ್ ಓಡಾಡುವ ಕೊಳವೆ, ಮ್ಯಾಗಜೀನಿನ ಒಳಗೆ, ಚೇಂಬರಿನ ಒಳಗೆ. ಸ್ಟ್ರೈಕರ್ ಕೊಳವೆಗೆ ಎಣ್ಣೆ ಬಿದ್ದರೆ ಹಿತ್ತಾಳೆಯ ಸಣ್ಣ ಚೂರು, ಮಸಿ ಎಲ್ಲ ಅದಕ್ಕೆ ಅಂಟಿ ಕೆಸರಾಗುತ್ತದೆ. ಸ್ಟ್ರೈಕರ್ ನಿಧಾನವಾಗಿ, ಪ್ರೈಮರಿಗೆ (ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಬಿಲ್ಲೆ) ಬರೀ ಮುಟ್ಟಿದಂತೆ ಪೆಟ್ಟು ಬೀಳುತ್ತದೆ, ತೋಟಾ ಹಾರುವುದಿಲ್ಲ. ಚೇಂಬರಿನ ಕಾರಣ ಬೇರೆ. ಹಾರುವ ಕ್ಷಣದಲ್ಲಿ ತೋಟಾದ ಹಿತ್ತಾಳೆ ಕೇಸ್ (ಹೊರ ಕವಚ) ಉಬ್ಬಿ ಚೇಂಬರಿನ ಗೋಡೆ ಕಚ್ಚಿಕೊಳ್ಳಬೇಕು. ಎಣ್ಣೆ ಇದ್ದರೆ ಆ ಹಿಡಿತ ಸಡಿಲವಾಗಿ ಹಿಂದೆ ಸ್ಲೈಡಿನ ಮೇಲೆ ಬೀಳುವ ಒತ್ತಡ ಹೆಚ್ಚುತ್ತದೆ.

ಎಣ್ಣೆಗಿಂತ ದೊಡ್ಡ ವಿಷಯ ತೋಟಾ. ಇಲ್ಲಿ ನಾನು ಹೋಲಿಸಿದ್ದು ಎರಡು ಅಭ್ಯಾಸಗಳನ್ನು. ಒಂದು, ದಿನಾ ರಾತ್ರಿ ಪಿಸ್ತೂಲು ಖಾಲಿ ಮಾಡಿ, ಬೆಳಿಗ್ಗೆ ಅದೇ ತೋಟಾವನ್ನು ಮತ್ತೆ ಚೇಂಬರಿಗೆ ಏರಿಸುವುದು. ಇನ್ನೊಂದು, ಲೋಡ್ ಆಗಿರುವ ಹಾಗೆಯೇ ಹೋಲ್‌ಸ್ಟರ್ ಸಮೇತ ಬೀಗದ ಪೆಟ್ಟಿಗೆಯಲ್ಲಿಟ್ಟು, ಬಿಚ್ಚುವ ದಿನ ಮಾತ್ರ ಖಾಲಿ ಮಾಡುವುದು. ಮೊದಲನೆಯದು ಹೆಚ್ಚು ಸುರಕ್ಷಿತ ಅಂತ ಅನಿಸುವುದು ಸಹಜ. ಆದರೆ ಸ್ಲೈಡ್ ಬಿಟ್ಟಾಗಲೆಲ್ಲ ಗುಂಡಿನ ಮೂತಿ, ಚೇಂಬರಿಗೆ ಏರುವ ಇಳಿಜಾರಾದ ಫೀಡ್ ರ‍್ಯಾಂಪಿಗೆ ಬಡಿಯುತ್ತದೆ, ಬಡಿದಾಗಲೆಲ್ಲ ಗುಂಡು ಕೇಸಿನೊಳಕ್ಕೆ ಸ್ವಲ್ಪ ಸ್ವಲ್ಪವೇ ಜರುಗಬಹುದು. ಒಂದು ಸಲಕ್ಕೆ ಕಣ್ಣಿಗೆ ಬೀಳುವುದಿಲ್ಲ. ಮತ್ತೆ ಮತ್ತೆ ಏರಿಸಿದ ತೋಟಾವನ್ನೂ ಅದೇ ಪೆಟ್ಟಿಗೆಯ ಹೊಸ ತೋಟಾವನ್ನೂ ಗಾಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ, ಮೇಲೆ ಉಕ್ಕಿನ ಸ್ಕೇಲ್ ಅಡ್ಡ ಇಟ್ಟು ದೀಪಕ್ಕೆ ಹಿಡಿದು ನೋಡಿದೆ. ಹೊಸದರ ಮೇಲೆ ಸ್ಕೇಲ್ ಕೂತಿತ್ತು. ಹಳೆಯದರ ಮೂತಿಗೂ ಸ್ಕೇಲಿಗೂ ನಡುವೆ ಬೆಳಕಿನ ಒಂದು ಗೆರೆ. ಗುಂಡಿನ ಮೂತಿಯ ಒಂದು ಬದಿ ಚಪ್ಪಟೆಯಾಗಿ ಹೊಳೆಯುತ್ತಿತ್ತು, ಕೇಸಿನ ಅಂಚಿನಲ್ಲಿ ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಗೀರುಗಳು ಒಂದರ ಮೇಲೊಂದು.

ಆ ಗೆರೆಯಿಂದ ಏನಾಗುತ್ತದೆ? 9 ಎಂಎಂ ತೋಟಾದ ಕೇಸ್ ಚಿಕ್ಕದು, ಮದ್ದಿಗೆ ಸಿಗುವ ಜಾಗ ಇನ್ನೂ ಚಿಕ್ಕದು. ಗುಂಡು ಒಳಗೆ ಜರುಗಿದರೆ ಆ ಜಾಗ ಕುಗ್ಗಿ, ಅಷ್ಟೇ ಮದ್ದು ಉರಿದರೂ ಒತ್ತಡ ಏರುತ್ತದೆ. ಈ ತೋಟಾದ ಗರಿಷ್ಠ ಒತ್ತಡಕ್ಕೆ ಯುರೋಪಿನ ಮಾನದಂಡದಲ್ಲಿ 2,350 ಬಾರ್, ಅಮೆರಿಕದ್ದರಲ್ಲಿ 35,000 ಪಿಎಸ್‌ಐ ಮಿತಿ ಇದೆ. ಕಾರ್ಖಾನೆಯವರು ಲೆಕ್ಕ ಹಾಕಿರುವುದು ಗುಂಡು ಅದರ ಜಾಗದಲ್ಲೇ ಇರುತ್ತದೆ ಅಂತ. ಉದ್ದ ಕಡಿಮೆಯಾದ ತೋಟಾ ಮ್ಯಾಗಜೀನಿನಿಂದ ಬರುವ ಕೋನವೂ ಬದಲಾಗಿ ಚೇಂಬರಿಗೆ ಏರುವಾಗ ತಡವರಿಸಬಹುದು. ಹಾಗಾಗಿ ಪ್ಲಾಸ್ಟಿಕ್ ಫ್ರೇಮಿನದಕ್ಕೆ ನಾನು ಎರಡನೆಯ ಅಭ್ಯಾಸಕ್ಕೆ ಬಂದೆ. ಮಕ್ಕಳಿರುವ ಮನೆಯವರಿಗೆ, ಭದ್ರವಾದ ಪೆಟ್ಟಿಗೆ ಇಲ್ಲದವರಿಗೆ ಇದನ್ನು ಹೇಳುವುದಿಲ್ಲ, ಅವರು ಖಾಲಿ ಮಾಡಿಯೇ ಇಡಬೇಕು. ಅವರಿಗೆ ದಾರಿ: ಖಾಲಿ ಮಾಡಿದ ತೋಟಾವನ್ನು ಮ್ಯಾಗಜೀನಿನ ತುದಿಗೆ ಮತ್ತೆ ತುರುಕದೆ ಬದಲಾಯಿಸುತ್ತಾ ಹೋಗುವುದು, ಹೊಸದರ ಪಕ್ಕ ನಿಲ್ಲಿಸಿ ನೋಡುವುದು, ಗಿಡ್ಡವಾದದ್ದನ್ನು ಹಾರಿಸದೆ ಬೇರೆ ಎತ್ತಿಡುವುದು.

ಹಿತ್ತಾಳೆ ಕೇಸೋ ನಿಕಲ್ ಲೇಪದ ಕೇಸೋ ಅನ್ನುವುದಕ್ಕೆ ಹೆಚ್ಚು ಯೋಚಿಸಬೇಕಿಲ್ಲ. ಬರೀ ಹಿತ್ತಾಳೆ ಬೆವರಿಗೆ ಕಪ್ಪಾಗಿ, ಬೆರಳು ಮುಟ್ಟಿದಲ್ಲೆಲ್ಲ ಕಲೆ ಉಳಿಯುತ್ತದೆ. ನಿಕಲ್ ಹಾಗಾಗುವುದಿಲ್ಲ, ಮಂದ ಬೆಳಕಿನಲ್ಲಿ ಚೇಂಬರ್ ನೋಡುವಾಗ ಬೆಳ್ಳಗೆ ಕಾಣುತ್ತದೆ. ಮೈಮೇಲೆ ಇರುವುದಕ್ಕೆ ನಿಕಲ್, ಅಭ್ಯಾಸಕ್ಕೆ ಹಿತ್ತಾಳೆ. ಎರಡನ್ನೂ ಒರೆಸುವುದು ಒಣ ಬಟ್ಟೆಯಲ್ಲಿ ಮಾತ್ರ. ತೋಟಾ ಹೊಳೆಯಲಿ ಅಂತ ತೂರುವ ಎಣ್ಣೆಯ ಸ್ಪ್ರೇ ಹೊಡೆಯುವವರನ್ನು ನೋಡಿದ್ದೇನೆ. ಆ ಎಣ್ಣೆ ಪ್ರೈಮರಿನ ಸಂದಿಯಲ್ಲಿ ನುಸುಳಿದರೆ ತೋಟಾ ಸತ್ತ ಹಾಗೆ. ಕೆಲವು ತೋಟಾಗಳ ಪ್ರೈಮರಿನ ಸುತ್ತ ಬಣ್ಣದ ಅರಗಿನ ಉಂಗುರ ಇರುವುದು ತೇವ, ಎಣ್ಣೆ ಒಳಹೋಗದಿರಲಿ ಅಂತಲೇ.

ಚಪ್ಪಟೆ ತಗ್ಗು ಮೂತಿಯ ಹಾಲೋ ಪಾಯಿಂಟ್ ಮತ್ತು ದುಂಡು ಮೂತಿಯ ಪೂರ್ತಿ ತಾಮ್ರದ ಹೊದಿಕೆಯ ಗುಂಡು, ಇವೆರಡರಲ್ಲಿ ದುಂಡನೆಯದು ಯಾವ ಪಿಸ್ತೂಲಿನಲ್ಲೂ ಸರಾಗ ಏರುತ್ತದೆ. ಜಾರ್ಜ್ ಲೂಗರ್ ಈ ತೋಟಾ ರೂಪಿಸಿದ ಕಾಲದಲ್ಲಿ ಇದ್ದದ್ದು ಮಾತ್ರ ಚಪ್ಪಟೆ ತುದಿಯ ಶಂಕು ಮೂತಿಯ ಗುಂಡು, ದುಂಡನೆಯದು ಆಮೇಲೆ ಬಂತು. ನನ್ನ ಉಕ್ಕಿನ ಪಿಸ್ತೂಲು ಒಂದು ಜಾತಿಯ ಹಾಲೋ ಪಾಯಿಂಟನ್ನು ರ‍್ಯಾಂಪಿನ ಅಂಚಿಗೆ ಸಿಕ್ಕಿಸಿಕೊಳ್ಳುತ್ತಿತ್ತು, ಮೂತಿ ಸ್ವಲ್ಪ ದುಂಡಗಿರುವ ಇನ್ನೊಂದನ್ನು ತಕರಾರಿಲ್ಲದೆ ನುಂಗಿತು. ಪ್ಲಾಸ್ಟಿಕ್ ಫ್ರೇಮಿನದು ಎರಡನ್ನೂ ಏರಿಸಿತು. ಇಂಥ ವಿಷಯದಲ್ಲಿ ಬೇರೆಯವರ ಪಿಸ್ತೂಲಿನ ಅನುಭವ ನಿಮಗೆ ಬರುವುದಿಲ್ಲ. ಒಯ್ಯುವ ತೋಟಾವನ್ನೇ, ಒಯ್ಯುವ ಮ್ಯಾಗಜೀನಿನಿಂದಲೇ, ನಿಮ್ಮ ಪಿಸ್ತೂಲಿನಲ್ಲೇ ಹಾರಿಸಿ ನೋಡಬೇಕು.

ಮ್ಯಾಗಜೀನ್ ಬಗ್ಗೆ ಎರಡು ಪಂಗಡ ಇದೆ. ತುಂಬಿಟ್ಟರೆ ಸ್ಪ್ರಿಂಗ್ ಸೋಲುತ್ತದೆ ಅಂತ ತಿಂಗಳಿಗೊಮ್ಮೆ ಖಾಲಿ ಮಾಡಿ ವಿಶ್ರಾಂತಿ ಕೊಡುವವರು ಒಂದು ಕಡೆ, ತುಂಬಿಯೇ ಬಿಡುವವರು ಇನ್ನೊಂದು ಕಡೆ. ಒಂದೇ ಮಾದರಿಯ ಮ್ಯಾಗಜೀನುಗಳ ತಳದಲ್ಲಿ ನಂಬರ್ ಬರೆದು ಕೆಲವನ್ನು ಹಾಗೆ, ಕೆಲವನ್ನು ಹೀಗೆ ಇಟ್ಟೆ. ಬಿಚ್ಚಿ ಸ್ಪ್ರಿಂಗುಗಳನ್ನು ಸಾಲಾಗಿ ಮಲಗಿಸಿದಾಗ ಹೆಚ್ಚು ಕುಗ್ಗಿದ್ದು ತುಂಬಿ ಬಿಟ್ಟದ್ದಲ್ಲ, ರೇಂಜಿನಲ್ಲಿ ಮತ್ತೆ ಮತ್ತೆ ತುಂಬಿ ಖಾಲಿ ಮಾಡಿದ್ದು. ಒಳ್ಳೆಯ ಸ್ಪ್ರಿಂಗ್ ತನ್ನ ಮಿತಿಯೊಳಗೆ ಒತ್ತಿ ನಿಂತರೆ ಅಷ್ಟಾಗಿ ಸೋಲುವುದಿಲ್ಲ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದರೆ ದಣಿಯುತ್ತದೆ. ವಿಶ್ರಾಂತಿ ಕೊಡುವವರು ಸ್ಪ್ರಿಂಗಿಗೆ ಕೊಡುತ್ತಿರುವುದು ಕೆಲಸವನ್ನೇ. ನಾನು ಈಗ ರೇಂಜಿಗೆ ಬೇರೆ, ಮೈಮೇಲಿಗೆ ಬೇರೆ ಮ್ಯಾಗಜೀನ್ ಇಟ್ಟಿದ್ದೇನೆ. ಪಿಸ್ತೂಲು ತಡವರಿಸಿದರೆ ಮೊದಲು ನೋಡುವುದು ಮ್ಯಾಗಜೀನಿನ ನಂಬರನ್ನು. ಒಂದೇ ನಂಬರಿನಲ್ಲಿ ಮರುಕಳಿಸಿದರೆ ತಪ್ಪು ಪಿಸ್ತೂಲಿನದ್ದಲ್ಲ.

ನಳಿಗೆ ತೊಳೆಯಲು ಕಡ್ಡಿಯೋ, ಎಳೆಯುವ ಹಗ್ಗದ ಬ್ರಶ್ಶೋ? ಒಯ್ಯುವ ಪಿಸ್ತೂಲಿಗೆ ಹಗ್ಗ ಸಾಕು. ಬೇಗ ಮುಗಿಯುತ್ತದೆ, ಮೂತಿಯ ಅಂಚಿಗೆ ಕಡ್ಡಿ ಉಜ್ಜುವ ಭಯವಿಲ್ಲ. ಹಗ್ಗವನ್ನೂ ಆಗಾಗ ಸೋಪಿನಲ್ಲಿ ಒಗೆಯಬೇಕು, ಇಲ್ಲವಾದರೆ ಹೋದ ಸಲದ ಮಸಿಯನ್ನೇ ಮತ್ತೆ ಹಚ್ಚಿದಂತೆ. ಹಳೆಯ ಮಿಲಿಟರಿ ದಾಸ್ತಾನಿನ ತೋಟಾ ಹಾರಿಸಿದ್ದರೆ ಮಾತ್ರ ಕ್ರಮ ಬೇರೆ. ಅಂಥವುಗಳ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದರೆ ಉರಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಒಂದು ಬಗೆಯ ಉಪ್ಪು. ಅದು ಎಣ್ಣೆಯಲ್ಲಿ ಕರಗುವುದಿಲ್ಲ, ಬಿಸಿನೀರಿನಲ್ಲಿ ಕರಗುತ್ತದೆ. ಆ ಕೆಲಸಕ್ಕೆ ಬ್ಯಾಲಿಸ್ಟಾಲ್ ಅನ್ನುವ ಎಣ್ಣೆ ಅನುಕೂಲ, ನೀರಿನೊಂದಿಗೆ ಬೆರೆತು ಹಾಲಿನಂತಾಗುತ್ತದೆ. ನೀರು ಉಪ್ಪನ್ನು ಕರಗಿಸುತ್ತದೆ, ನೀರು ಆರಿದ ಮೇಲೆ ಎಣ್ಣೆಯ ಪದರ ಉಳಿಯುತ್ತದೆ. ಅದರ ವಾಸನೆ ಮಾತ್ರ ಎಲ್ಲರಿಗೂ ಸೇರುವುದಿಲ್ಲ. ಎಲ್ಲ ಮುಗಿದ ಮೇಲೆ ಕೈ ತೊಳೆಯುವುದು ತಣ್ಣೀರು, ಸೋಪಿನಲ್ಲಿ. ಮಸಿಯಲ್ಲಿ ಸೀಸ ಇರುತ್ತದೆ.

ಹೋಲ್‌ಸ್ಟರಿನಲ್ಲಿ ಚರ್ಮದ್ದು ಮೈಗೆ ಹಿತ, ಆದರೆ ಬೆವರು ಹೀರಿ ಹಿಡಿದುಕೊಳ್ಳುತ್ತದೆ. ಕೈಡೆಕ್ಸ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಹೀರುವುದಿಲ್ಲ, ಬದಲಿಗೆ ಸ್ಲೈಡಿನ ಮೂಲೆಗಳ ಬಣ್ಣ ತಿನ್ನುತ್ತದೆ. ಬಣ್ಣ ಹೋದರೆ ಪಿಸ್ತೂಲು ನಿಲ್ಲುವುದಿಲ್ಲ, ತುಕ್ಕು ಹಿಡಿದರೆ ನಿಲ್ಲಬಹುದು. ಪ್ಲಾಸ್ಟಿಕ್ ಫ್ರೇಮಿನದು ಈಗ ಕೈಡೆಕ್ಸಿನಲ್ಲೇ ಇದೆ. ಉಕ್ಕಿನದಕ್ಕೆ ಚರ್ಮವನ್ನೇ ಉಳಿಸಿಕೊಂಡಿದ್ದೇನೆ. ಆದರೆ ಪೆಟ್ಟಿಗೆಗೆ ಹೋಗುವಾಗ ಅದನ್ನು ಖಾಲಿ ಮಾಡಿ, ಒರೆಸಿ, ಚರ್ಮದಿಂದ ಹೊರಗೆ ತೆಗೆದೇ ಇಡುತ್ತೇನೆ. ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರುತ್ತದೆ, ಅದರ ಮಣಿಗಳ ಬಣ್ಣ ಬದಲಾದ ದಿನ ಹೊಸದು ಹಾಕುತ್ತೇನೆ.