ಮಿಜುನೊ ಎನ್‌ಪಿಬಿ ಚೆಂಡು: ಹಿಡಿತಕ್ಕೆ ಇದೇ ಸರಿ

ಜಪಾನಿನ ವೃತ್ತಿಪರ ಬೇಸ್‌ಬಾಲ್ ಲೀಗ್ ಎನ್‌ಪಿಬಿಯ 12 ತಂಡಗಳೂ 2011ರಿಂದ ಮಿಜುನೊ ಕಂಪನಿಯ ಒಂದೇ ಬಗೆಯ ಚೆಂಡಿನಲ್ಲಿ ಆಡುತ್ತಿವೆ. ತೂಕ 142ರಿಂದ 149 ಗ್ರಾಂ, ಸುತ್ತಳತೆ 23 ಸೆಂ.ಮೀ. ಆಸುಪಾಸು, 108 ಜೋಡಿ ಹೊಲಿಗೆ. ಕ್ರಿಕೆಟ್ ಚೆಂಡಿಗಿಂತ ಹಗುರ. ನಿಯಮದಲ್ಲಿ ಅಮೆರಿಕದ ರಾಲಿಂಗ್ಸ್ ಚೆಂಡಿಗೂ ಇದೇ ಅಳತೆ. ವ್ಯತ್ಯಾಸ ಗೊತ್ತಾಗುವುದು ಬೆರಳಿಗೆ.

ಮಿಜುನೊ ಚರ್ಮ ಹೊಸದರಲ್ಲೇ ತುಸು ಅಂಟು. ರಾಲಿಂಗ್ಸ್ ಜಾರುತ್ತದೆ, ಪಂದ್ಯಕ್ಕೆ ಮೊದಲು ಡೆಲವೇರ್ ನದಿ ಕಡೆಯ ಕೆಸರು ತಿಕ್ಕಿ ಅದರ ಹೊಳಪು ತೆಗೆಯಬೇಕು. ಫೋರ್ಕ್‌ಬಾಲ್ ಎಸೆಯುವವರಿಗೆ ಇದು ದೊಡ್ಡ ವಿಷಯ. ತೋರುಬೆರಳು, ನಡುಬೆರಳಿನ ಸಂದಿಗೆ ಚೆಂಡು ಸಿಕ್ಕಿಸಿ ಬಿಟ್ಟಾಗ ಸುತ್ತು ಕಡಿಮೆಯಾಗಿ, ಬ್ಯಾಟಿನ ಹತ್ತಿರ ಅದು ಧುಮುಕಬೇಕು. ಚರ್ಮ ಜಾರಿದರೆ ಚೆಂಡು ಬೇಗ ಕೈಬಿಟ್ಟು ಎದೆಯ ಎತ್ತರದಲ್ಲೇ ಬರುತ್ತದೆ, ಹೋಮ್ ರನ್ (ಚೆಂಡನ್ನು ಮೈದಾನದಾಚೆ ಅಟ್ಟುವ ಹೊಡೆತ) ತಿನ್ನಿಸುತ್ತದೆ. ಜಾರದಂತೆ ಬಿಗಿಯಾಗಿ ಹಿಡಿದರೆ ಮುಂಗೈ ಬೇಗ ದಣಿಯುತ್ತದೆ. ಹಾಗಿದ್ದೂ ಜಪಾನಿನ ಪಿಚರ್‌ಗಳಾದ (ಚೆಂಡು ಎಸೆಯುವವರು) ಹಿಡೆಯೊ ನೊಮೊ 1995ರಲ್ಲಿ, ಕೊಡಾಯ್ ಸೆಂಗಾ 2023ರಲ್ಲಿ ಅಮೆರಿಕದ ಚೆಂಡಿನಲ್ಲೇ ಈ ಎಸೆತ ಪಳಗಿಸಿ ತೋರಿಸಿದರು. ಈಗ ಅಲ್ಲಿನ ಪಿಚರ್‌ಗಳೂ ಅದರ ತಂಗಿಯಂಥ ಸ್ಪ್ಲಿಟರ್ ಕಲಿಯುತ್ತಿದ್ದಾರೆ. ಮೊದಲೇ ಅಂಟು ಹಚ್ಚಿದ ಚೆಂಡನ್ನು ಅಮೆರಿಕ 2023ರಲ್ಲಿ ಕೆಳಹಂತದ ಡಬಲ್-ಎ ಸದರ್ನ್ ಲೀಗಿನಲ್ಲಿ ಪರೀಕ್ಷಿಸಿ, ಋತುವಿನ ನಡುವೆಯೇ ಕೈಬಿಟ್ಟಿತು. ಆ ಪ್ರಯತ್ನ ಮುಂದುವರಿಯಬೇಕಿತ್ತು.

ಪುಟಿತದ ಲೆಕ್ಕದಲ್ಲಿ ಮಿಜುನೊ ಚೆಂಡಿನ ಚರಿತ್ರೆ ಅಷ್ಟು ಚೊಕ್ಕವಲ್ಲ. ಪುಟಿತ ತಗ್ಗಿಸಿದ ಮೊದಲ ಚೆಂಡಿನಿಂದ ಹೋಮ್ ರನ್ 2010ರ 1,605ರಿಂದ 2011ರಲ್ಲಿ 939ಕ್ಕೆ ಕುಸಿದವು. 2013ರಲ್ಲಿ ಯಾರಿಗೂ ಹೇಳದೆ ಪುಟಿತ ಹೆಚ್ಚಿಸಿದ್ದು ಬಯಲಾಗಿ ಕಮಿಷನರ್ ರ‍್ಯೋಜೊ ಕಾಟೊ ಹುದ್ದೆ ಬಿಡಬೇಕಾಯಿತು. ಪಿಚರ್‌ಗೂ ಬ್ಯಾಟರ್‌ಗೂ ಮುಚ್ಚಿಟ್ಟು ಚೆಂಡು ಬದಲಿಸುವುದು ಅಕ್ಷಮ್ಯ.

ಕೊಳ್ಳುವಾಗ ‘ಕೋಶಿಕಿ’ (ಗಟ್ಟಿ ಚೆಂಡು) ಎಂದಿದೆಯೇ ನೋಡಿ. ‘ನಾನ್ಶಿಕಿ’ ಎಂದಿದ್ದರೆ ಅದು ರಬ್ಬರ್ ಚೆಂಡು. ಕೋಶಿಕಿಯ ಒಳಗಿರುವುದು ಉಣ್ಣೆಯ ನೂಲು, ತೇವ ಹೀರಿದರೆ ಭಾರವಾಗಿ ಪುಟಿತ ಸಾಯುತ್ತದೆ. ಒದ್ದೆ ಹುಲ್ಲಿನಲ್ಲಿ ಆಡಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿಡಿ. ಬಿಸಿಲಲ್ಲಿಟ್ಟರೆ ಚರ್ಮ ಬಿರುಸಾಗುತ್ತದೆ. ಫೋರ್ಕ್ ಕಲಿಯುವವರಿಗೆ ಮಿಜುನೊ ಚೆಂಡೇ ಒಳ್ಳೆಯದು. ಪಂದ್ಯ ರಾಲಿಂಗ್ಸ್‌ನಲ್ಲಿದ್ದರೆ ಮಾತ್ರ ಅಭ್ಯಾಸವೂ ಅದರಲ್ಲೇ ಇರಲಿ, ಇಲ್ಲದಿದ್ದರೆ ಮೊದಲ ಇನ್ನಿಂಗ್ಸ್‌ನಲ್ಲೇ ಚೆಂಡು ಜಾರುತ್ತದೆ.